ತೋಟದ ಕೋವಿ ಮತ್ತು ಶ್ರಾವಕ ಧರ್ಮ

ಪಶ್ಚಿಮ ಘಟ್ಟದ ಇಕ್ಕೆಲಗಳಲ್ಲಿ ಅಡಿಕೆ, ಬಾಳೆ, ಏಲಕ್ಕಿ, ಭತ್ತಗಳನ್ನು ಬೆಳೆದು ಬದುಕುವ ಜೈನ ಕುಟುಂಬಗಳಿಗೆ ಕಾಡು ದೂರದ ವಸ್ತುವಲ್ಲ. ಗದ್ದೆಯ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಕಾಡುಹಂದಿಯ ಹಿಂಡು ಇಳಿಯುತ್ತದೆ. ಹಗಲಿನಲ್ಲಿ ಮಂಗಗಳು ಏಲಕ್ಕಿಯನ್ನೂ ಎಳನೀರನ್ನೂ ಹಾಳುಗೆಡವುತ್ತವೆ. ಕೆಲವು ಊರುಗಳಲ್ಲಿ ಆನೆ ಒಂದೇ ರಾತ್ರಿಯಲ್ಲಿ ಹತ್ತು ವರ್ಷ ಸಾಕಿದ ಅಡಿಕೆ ಮರಗಳನ್ನು ನೆಲಕ್ಕೊರಗಿಸಿ ಹೋಗುತ್ತದೆ. ಇಂತಹ ತೋಟಗಳ ಕೆಲವು ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಸರ್ಕಾರದ ಪರವಾನಗಿ ಪಡೆದ ಕೋವಿಯೊಂದು ತಲೆಮಾರಿನಿಂದ ತಲೆಮಾರಿಗೆ ಬಂದಿದೆ. ಅದೇ ಮನೆಯ ದೇವರ ಕೋಣೆಯಲ್ಲಿ ಜಿನಬಿಂಬವೂ ಇದೆ. ಈ ಎರಡರ ನಡುವೆ ನಿಂತ ಗೃಹಸ್ಥನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಶ್ರಾವಕನಾದವನು ಕೋವಿಯನ್ನು ಇಟ್ಟುಕೊಳ್ಳಬಹುದೆ? ಇಟ್ಟುಕೊಂಡರೆ ಅದನ್ನು ಎತ್ತುವುದು ಯಾವಾಗ?

ಕೋವಿ ನಮ್ಮ ನಾಡಿಗೆ ಬಂದು ಕೆಲವು ಶತಮಾನಗಳಾದವು. ಈ ಪ್ರಶ್ನೆಯಾದರೋ ಅದಕ್ಕಿಂತ ಬಹಳ ಹಳೆಯದು. ಕನ್ನಡ ನಾಡಿನ ಕಲ್ಲುಗಳಲ್ಲಿಯೂ ಗ್ರಂಥಗಳಲ್ಲಿಯೂ ಅದರ ಚರ್ಚೆ ಸಾವಿರ ವರ್ಷಗಳಿಂದ ನಡೆದು ಬಂದಿದೆ.

ಶಾಸನಗಳ ಸಾಕ್ಷ್ಯ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲೊಂದು ಸುಪ್ರಸಿದ್ಧವಾದುದು. ಅದರ ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನೂ ಗಂಗ ಅರಸ ಇಮ್ಮಡಿ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಸಂಗತಿಯನ್ನು ಅದು ಹೇಳುತ್ತದೆ. ಆ ಯುದ್ಧದಲ್ಲಿ ಮೆಚ್ಚುಗೆ ಪಡೆದ ಮಣಲರತನೆಂಬ ವೀರನು ಬೂತುಗನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಹಂದಿಯೊಡನೆ ಹೋರಾಡುವ ನಾಯಿಯ ಚಿತ್ರವನ್ನು ಆ ಕಲ್ಲಿನ ಮೇಲೆ ಇಂದಿಗೂ ಕಾಣಬಹುದು. ಹುಲಿಯೊಡನೆ ಕಾದಿ ಮಡಿದವರ ವೀರಗಲ್ಲುಗಳೂ ನಾಡಿನಲ್ಲಿವೆ. ಕಾಡುಪ್ರಾಣಿಯನ್ನು ಎದುರಿಸುವುದು ಅಂದಿನ ಜನಕ್ಕೆ ಶೌರ್ಯದ ಮಾತಾಗಿತ್ತು.

ಜೈನರಿಗೆ ಇನ್ನೂ ಹತ್ತಿರವಾದ ಕಥೆ ಹೊಯ್ಸಳರದು. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದರೆ ಶಾಸನಗಳ ಸೊಸೆವೂರಿನಲ್ಲಿ, ಜೈನ ಮುನಿ ಸುದತ್ತರ ಸನ್ನಿಧಿಗೆ ಹುಲಿಯೊಂದು ಹಾಯ್ದಾಗ ಮುನಿಗಳು ಸಳನಿಗೆ ಹೊಡೆಯೆಂದು ನುಡಿದರೆಂದೂ ಅದರಿಂದಲೇ ವಂಶಕ್ಕೆ ಹೆಸರಾಯಿತೆಂದೂ ಹೇಳುತ್ತಾರೆ. ಮುನಿಗಳೇ ತಮ್ಮ ಕೈಯಲ್ಲಿದ್ದ ಕುಂಚದ ಸೆಳೆಯನ್ನು ಕೊಟ್ಟರೆಂದು ಕೆಲವು ಶಾಸನಗಳು ಹೇಳುವುದುಂಟು. ಮಹಾವ್ರತಧಾರಿಯಾದ ಮುನಿಯು ಹೀಗೆ ನುಡಿಯುವುದು ಉಚಿತವೆ ಎಂದು ಶ್ರಾವಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಇಷ್ಟು: ಇದು ರಾಜವಂಶವೊಂದು ತನ್ನ ಹೆಸರಿಗೆ ಹೇಳಿಕೊಂಡ ಮೂಲಕಥೆ, ಆಚಾರಗ್ರಂಥವಲ್ಲ. ಆದರೂ ಕಥೆಯನ್ನು ಹೆಣೆದವರು ಒಂದು ಎಲ್ಲೆಯನ್ನು ಕಾಯ್ದುಕೊಂಡಿದ್ದಾರೆ. ಸಳನು ಹುಲಿಯನ್ನು ಅರಸಿಕೊಂಡು ಕಾಡಿಗೆ ಹೋಗಲಿಲ್ಲ. ಹುಲಿಯೇ ಮೇಲೆ ಬಿದ್ದಾಗ, ಮತ್ತೊಬ್ಬರ ಪ್ರಾಣ ಎದುರಿಗೇ ಅಪಾಯದಲ್ಲಿದ್ದಾಗ, ಕೈ ಎತ್ತಿದನು.

ಮುನಿಧರ್ಮದ ನಿಜವಾದ ಆದರ್ಶವನ್ನು ಕಾಣಬೇಕಾದರೆ ಕನ್ನಡದ ಪ್ರಾಚೀನ ಗದ್ಯಕೃತಿಯಾದ ವಡ್ಡಾರಾಧನೆಯನ್ನು ತೆರೆಯಬೇಕು. ಅದರ ಮೊದಲ ಕಥೆಯ ಸುಕುಮಾರಸ್ವಾಮಿಯನ್ನು ಧ್ಯಾನದಲ್ಲಿರುವಾಗ ಹೆಣ್ಣುನರಿಯೊಂದು ಮರಿಗಳೊಡನೆ ತಿನ್ನುತ್ತದೆ, ಆತನು ಅಲುಗುವುದಿಲ್ಲ. ಸುಕೋಶಳಸ್ವಾಮಿಯನ್ನು ಕೊಂದ ಹೆಣ್ಣುಹುಲಿ ಹಿಂದಿನ ಜನ್ಮದಲ್ಲಿ ಆತನ ತಾಯಿಯೇ ಆಗಿದ್ದಳು. ಈ ಕಥೆಗಳು ಗೃಹಸ್ಥನು ಹಾಗೆಯೇ ಮಾಡಬೇಕೆಂದು ಹೇಳುವುದಿಲ್ಲ. ಎದುರಿಗೆ ನಿಂತ ಮೃಗವೂ ಕರ್ಮವಶವಾದ ಒಂದು ಜೀವ, ಎಂದೋ ಒಂದು ಜನ್ಮದಲ್ಲಿ ಬಂಧುವಾಗಿದ್ದಿರಬಹುದಾದ ಜೀವ, ಎಂಬುದನ್ನು ಮರೆಯಬೇಡವೆಂದು ಮಾತ್ರ ಹೇಳುತ್ತವೆ.

ಆಚಾರ್ಯರ ವಿವೇಚನೆ

ಗೃಹಸ್ಥನಿಗೆ ಆಚಾರ್ಯರು ವಿಧಿಸಿದ್ದು ಅಣುವ್ರತ. ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿವರಿಸುವುದು ರೂಢಿ. ಅಡುಗೆ, ಗುಡಿಸುವುದು, ಕುಟ್ಟುವುದು ಮೊದಲಾದ ಮನೆಗೆಲಸದಲ್ಲಿ ಆಗುವುದು ಆರಂಭಿ. ಉಳುಮೆ ಮುಂತಾದ ಜೀವನೋಪಾಯದಲ್ಲಿ ಆಗುವುದು ಉದ್ಯೋಗಿ. ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಾಗ ಅನಿವಾರ್ಯವಾಗಿ ಆಗುವುದು ವಿರೋಧಿ. ಕೊಲ್ಲಬೇಕೆಂದೇ ಬಯಸಿ ಕೊಲ್ಲುವುದು ಸಂಕಲ್ಪಿ. ಶ್ರಾವಕನು ಮೊದಲ ಹೆಜ್ಜೆಯಲ್ಲಿಯೇ ಸಂಪೂರ್ಣವಾಗಿ ಬಿಡಬೇಕಾದದ್ದು ಈ ಕೊನೆಯದನ್ನು. ಸೇನಾನಿ ಚಾವುಂಡರಾಯನೂ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಚೌಟರ ಅಬ್ಬಕ್ಕನೂ ಜೈನರಾಗಿದ್ದು ಆಯುಧ ಹಿಡಿದದ್ದು ವಿರೋಧಿ ಹಿಂಸೆಯ ಈ ಅವಕಾಶದಲ್ಲಿ.

ತೋಟದ ಕೋವಿಗೂ ಈ ಅವಕಾಶವೇ ಸಾಕಲ್ಲವೆ ಎಂದು ತೋರಬಹುದು. ಆದರೆ ಆಚಾರ್ಯರು ಆ ಬಾಗಿಲನ್ನು ಬಹಳ ಕಿರಿದಾಗಿಟ್ಟಿದ್ದಾರೆ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಈ ವಿಷಯವನ್ನೇ ನೇರವಾಗಿ ಎತ್ತಿಕೊಳ್ಳುತ್ತಾರೆ. ಒಂದು ಕ್ರೂರ ಪ್ರಾಣಿಯನ್ನು ಕೊಂದರೆ ಹಲವು ಜೀವಗಳು ಉಳಿಯುತ್ತವೆ ಎಂಬ ವಾದವನ್ನು ಅವರು ಮುಂದಿಟ್ಟು, ಹಾಗೆಂದು ಭಾವಿಸಿ ಹಿಂಸ್ರ ಪ್ರಾಣಿಗಳನ್ನು ಕೊಲ್ಲಬಾರದೆಂದು ನಿರಾಕರಿಸುತ್ತಾರೆ. ಅದು ಬದುಕಿದರೆ ಇನ್ನಷ್ಟು ಪಾಪ ಗಳಿಸುತ್ತದೆ, ಆದ್ದರಿಂದ ಕೊಲ್ಲುವುದೇ ದಯೆ ಎಂಬ ಕುತರ್ಕಕ್ಕೂ ಅವರು ಅವಕಾಶ ಕೊಡುವುದಿಲ್ಲ. ಹಾಗಾದರೆ ನಾಳೆ ಬರಬಹುದೆಂದು ಇಂದೇ ಕೊಲ್ಲುವುದು ವಿರೋಧಿಯಲ್ಲ, ಸಂಕಲ್ಪಿಯೇ ಆಗುತ್ತದೆ.

ಆತಕೂರಿನ ಕಲ್ಲು ನಿಂತ ಹತ್ತು ವರ್ಷಗಳೊಳಗೆ, ಅದೇ ಮುಮ್ಮಡಿ ಕೃಷ್ಣನ ಆಳ್ವಿಕೆಯಲ್ಲಿ, ಕ್ರಿ.ಶ. 959ರಲ್ಲಿ ಸೋಮದೇವಸೂರಿಗಳು ಯಶಸ್ತಿಲಕವನ್ನು ಮುಗಿಸಿದರು. ಅತ್ತ ಹಂದಿಯ ಮೇಲೆ ಬಿಟ್ಟ ನಾಯಿಗೆ ದತ್ತಿ, ಇತ್ತ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟದ್ದಕ್ಕೇ ಜನ್ಮಜನ್ಮಾಂತರಗಳಲ್ಲಿ ತೊಳಲಿದ ಯಶೋಧರನ ಕಥೆ! ಮುಂದೆ 1209ರಲ್ಲಿ ಜನ್ನನು ಇದೇ ಕಥೆಯನ್ನು ಕನ್ನಡದ ಮನೆಮನೆಗೆ ತಂದನು. ಕೋಳಿ ಹಿಟ್ಟಿನದಾದರೂ ಕೊಲ್ಲುವ ಸಂಕಲ್ಪ ನಿಜವಾಗಿತ್ತು ಎಂಬುದೇ ಅದರ ತಿರುಳು. ಸೋಮದೇವರು ಇನ್ನೊಂದು ದೃಷ್ಟಾಂತವನ್ನೂ ಕೊಡುತ್ತಾರೆ. ಬೆಸ್ತನು ದಿನವಿಡೀ ಬಲೆ ಬೀಸಿ ಒಂದು ಮೀನನ್ನೂ ಹಿಡಿಯದಿದ್ದರೂ ಪಾಪಕ್ಕೆ ಭಾಗಿ. ಒಕ್ಕಲಿಗನು ಉಳುವಾಗ ಜೀವಗಳು ಸತ್ತರೂ ಅವನಿಗೆ ಆ ಪಾಪವಿಲ್ಲ. ವ್ಯತ್ಯಾಸವಿರುವುದು ಭಾವದಲ್ಲಿ.

ತೋಟದಲ್ಲಿ ಕೋವಿ ಹಿಡಿದವನಿಗೆ ಈ ದೃಷ್ಟಾಂತ ತೀಕ್ಷ್ಣವಾಗಿ ತಾಗುತ್ತದೆ. ನೇಗಿಲು ಹಿಡಿದಾಗ ಅವನು ಸೋಮದೇವರ ಒಕ್ಕಲಿಗನೇ ಹೌದು. ಆದರೆ ರಾತ್ರಿ ಅಟ್ಟಣೆ ಏರಿ, ಮದ್ದು ತುಂಬಿ, ಹಂದಿ ಬರಲೆಂದು ಕಾದು ಕುಳಿತ ಗಳಿಗೆಯಲ್ಲಿ ಅವನು ಬೆಸ್ತನ ಸ್ಥಾನಕ್ಕೆ ಸರಿದುಬಿಡುತ್ತಾನೆ. ಆ ರಾತ್ರಿ ಹಂದಿ ಬಾರದೆಯೇ ಬೆಳಗಾದರೂ ಲೆಕ್ಕ ಬದಲಾಗುವುದಿಲ್ಲ. ಬೆದರಿಸಿ ಓಡಿಸಲೆಂದು ಕುಳಿತವನ ಭಾವ ಬೇರೆ, ಕೆಡವಲೆಂದು ಕುಳಿತವನ ಭಾವ ಬೇರೆ. ಇದನ್ನು ಹೊರಗಿನವರು ಅಳೆಯಲಾರರು, ಅವರವರೇ ತಿಳಿಯಬೇಕು.

ಕೋವಿಯ ಚರಿತ್ರೆ

ಆಯುಧವನ್ನು ಯಾರು ಇಟ್ಟುಕೊಳ್ಳಬಹುದೆಂಬುದು 19ನೆಯ ಶತಮಾನದಲ್ಲಿ ರಾಜಕೀಯ ಪ್ರಶ್ನೆಯಾಯಿತು. 1857ರಲ್ಲಿ ಬ್ರಿಟಿಷರು ನಿಃಶಸ್ತ್ರೀಕರಣಕ್ಕೆ ತೊಡಗಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ದಂಗೆಯೆದ್ದರು. ಆ ದಂಗೆಯನ್ನು ಕ್ರೂರವಾಗಿ ಅಡಗಿಸಲಾಯಿತು. ಲಾವಣಿಗಳು ಅದನ್ನು ಇಂದಿಗೂ ನೆನೆಯುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟನು. 1878ರ ಆಯುಧ ಕಾಯಿದೆಯ ಕಾಲದಲ್ಲಿಯೂ ಸ್ವಾತಂತ್ರ್ಯದ ನಂತರವೂ ಆ ವಿನಾಯಿತಿ ಉಳಿದು ಬಂದಿತು. 2019ರಲ್ಲಿ ಕೇಂದ್ರ ಸರ್ಕಾರವು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಕೊಡಗಿನಲ್ಲಿ ಹಿಂದೆ ಹುಲಿಯನ್ನು ಹೊಡೆದವನಿಗೆ ನರಿಮಂಗಲವೆಂಬ ಸನ್ಮಾನವೂ ಇತ್ತು. ಇಂದು ಆ ವಿನಾಯಿತಿಯು ಪರವಾನಗಿಗೆ ಸಂಬಂಧಿಸಿದ್ದೇ ಹೊರತು ವನ್ಯಜೀವಿಗಳನ್ನು ಕೊಲ್ಲಲು ಕೊಟ್ಟ ಅನುಮತಿಯಲ್ಲ.

ಬ್ರಿಟಿಷ್ ಆಳ್ವಿಕೆಯಲ್ಲಿ ಬೇಟೆಗೆ ಬಹುಮಾನದ ಪದ್ಧತಿಯೂ ಬೆಳೆಯಿತು. ಹುಲಿ, ಚಿರತೆ, ತೋಳಗಳನ್ನು ಕೃಷಿಯ ವೈರಿಗಳೆಂದು ಸಾರಿ ತಲೆಗಿಷ್ಟೆಂದು ಹಣ ಕೊಡಲಾಯಿತು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಭಾರತದಲ್ಲಿ ಹೀಗೆ ಬಹುಮಾನಕ್ಕಾಗಿ ಕೊಂದ ಹುಲಿಗಳು 80,000ಕ್ಕೂ ಹೆಚ್ಚು, ಚಿರತೆಗಳು 1,50,000ಕ್ಕೂ ಹೆಚ್ಚು, ತೋಳಗಳು 2,00,000 ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಹಲವು ಜೀವಗಳನ್ನು ಉಳಿಸಲು ಒಂದನ್ನು ಕೊಲ್ಲಬಹುದೆಂಬ ವಾದವನ್ನು ಸಡಿಲ ಬಿಟ್ಟರೆ ಅದು ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ. ಅಮೃತಚಂದ್ರಾಚಾರ್ಯರ ನಿಷೇಧದ ದೂರದೃಷ್ಟಿ ಇಲ್ಲಿ ಅರಿವಾಗುತ್ತದೆ.

ಇನ್ನೊಂದು ಸಂಗತಿಯೂ ನೆನೆಯತಕ್ಕದ್ದು. ಕುಮಾವೂನಿನ ಚಂಪಾವತದಲ್ಲಿ 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಹೆಣ್ಣುಹುಲಿ 436 ಜನರನ್ನು ಬಲಿ ತೆಗೆದುಕೊಂಡಿತ್ತೆಂದು ಆತನೇ ಬರೆದಿದ್ದಾನೆ. ಅದರ ಬಲಬದಿಯ ಕೋರೆಹಲ್ಲುಗಳು ಮುರಿದಿದ್ದವು. ಹಿಂದೆ ಯಾರೋ ಹೊಡೆದ ಗುಂಡೇ ಅದಕ್ಕೆ ಕಾರಣವೆಂದೂ, ಸಹಜ ಬೇಟೆಯನ್ನು ಹಿಡಿಯಲಾರದೆ ಅದು ನರಭಕ್ಷಕವಾಯಿತೆಂದೂ ಆತನು ಕಂಡುಕೊಂಡನು. ಗುರಿ ತಪ್ಪಿದ ಒಂದು ಗುಂಡಿನ ಫಲವನ್ನು ಆ ಗುಂಡು ಹೊಡೆದವನಲ್ಲ, ಹುಲ್ಲು ಸೊಪ್ಪು ತರಲು ಹೋದ ಬಡ ಹೆಂಗಸರು ಉಂಡರು. ಚರೆ ತುಂಬಿದ ತೋಟದ ಕೋವಿಯಿಂದ ಆನೆಗೋ ಹಂದಿಗೋ ಹೊಡೆದು ಗಾಯಗೊಳಿಸುವವರು ಇದನ್ನು ಯೋಚಿಸಬೇಕು. ಗಾಯಗೊಂಡ ಮೃಗವನ್ನು ಮರುದಿನ ಎದುರುಗೊಳ್ಳುವವನು ಹಾಲು ಕೊಡಲು ಹೊರಟ ಹುಡುಗನಾಗಿರಬಹುದು.

ಇಂದಿನ ಕಾನೂನು

ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯು ರೈತನನ್ನು ಮರೆತಿಲ್ಲ. ಪ್ರಾಮಾಣಿಕವಾದ ಬೆಳೆ ರಕ್ಷಣೆಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ, ಅಂದರೆ ಮಲೆನಾಡಿನವರ ಕೇಪಿನ ಕೋವಿಗೆ, ಪರವಾನಗಿ ಕೊಡಲು ಅದರ 13ನೆಯ ಕಲಮಿನಲ್ಲಿ ಅವಕಾಶವಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನಳಿಗೆ 20 ಅಂಗುಲಕ್ಕೆ ಕಡಮೆಯಿಲ್ಲದ ತೋಟಾಕೋವಿಗೂ ಪರವಾನಗಿ ದೊರೆಯಬಹುದು. ಆದರೆ ಪರವಾನಗಿ ವ್ಯಕ್ತಿಗೆ ಸೇರಿದ್ದು. ಅದನ್ನು ನೆರೆಯವನಿಗೆ ಒಂದು ರಾತ್ರಿಯ ಮಟ್ಟಿಗೆ ಕೊಡುವುದೂ ಅಪರಾಧ.

ಕೋವಿಗೆ ಪರವಾನಗಿ ಇದ್ದಮಾತ್ರಕ್ಕೆ ಕೊಲ್ಲಲು ಪರವಾನಗಿ ಇದೆಯೆಂದು ತಿಳಿಯುವುದು ದೊಡ್ಡ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಯಂತ್ರಿಸಿತು. 1991ರ ತಿದ್ದುಪಡಿ ಬೇಟೆಯ ಪರವಾನಗಿಗಳ ಯುಗವನ್ನೇ ಮುಗಿಸಿತು. ಆ ಕಾಯಿದೆಯ 11ನೆಯ ಕಲಮು ಬಹಳ ಮುಖ್ಯವಾದುದು. ತನ್ನ ಅಥವಾ ಇನ್ನೊಬ್ಬ ವ್ಯಕ್ತಿಯ ರಕ್ಷಣೆಗಾಗಿ ಸದ್ಭಾವದಿಂದ ವನ್ಯಪ್ರಾಣಿಯನ್ನು ಕೊಂದರೆ ಅಥವಾ ಗಾಯಗೊಳಿಸಿದರೆ ಅದು ಅಪರಾಧವಲ್ಲ. ಆದರೆ ಆ ಹೊತ್ತಿನಲ್ಲಿ ಆತನು ಕಾಯಿದೆಗೆ ವಿರುದ್ಧವಾದ ಕೆಲಸದಲ್ಲಿ ತೊಡಗಿರಬಾರದು. ಹೀಗೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಇಲ್ಲಿ ಹೇಳಿರುವುದು ಮನುಷ್ಯನ ರಕ್ಷಣೆಯನ್ನು ಮಾತ್ರ, ಅಡಿಕೆಯನ್ನಲ್ಲ, ಭತ್ತವನ್ನಲ್ಲ. ಬೆಳೆಗಾಗಿ ಪ್ರಾಣಿಯನ್ನು ಕೊಲ್ಲಬೇಕಾದರೆ ಮೊದಲನೆಯ ಅನುಸೂಚಿಗೆ ಸೇರದ ಪ್ರಾಣಿಯಾಗಿರಬೇಕು, ಅರಣ್ಯಾಧಿಕಾರಿಯ ಲಿಖಿತ ಆದೇಶವೂ ಇರಬೇಕು. ಆನೆ ಮೊದಲನೆಯ ಅನುಸೂಚಿಯ ಪ್ರಾಣಿ. ಬೆಳೆಯ ಹೆಸರಿನಲ್ಲಿ ಅದರ ಮೇಲೆ ಕೈಮಾಡುವಂತಿಲ್ಲ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಪರವಾನಗಿದಾರರು ತಮ್ಮ ಹೆಸರನ್ನು ನೋಂದಾಯಿಸಬೇಕು. ಅಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು.

ಈ ಕಲಮನ್ನೂ ಶ್ರಾವಕಾಚಾರವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಆಶ್ಚರ್ಯವಾಗದಿರದು. ಪ್ರಾಣರಕ್ಷಣೆ, ಸದ್ಭಾವ, ಅನಿವಾರ್ಯತೆ ಎಂಬ ಈ ಮೂರು ವಿರೋಧಿ ಹಿಂಸೆಯ ಎಲ್ಲೆಗಳೇ ಆಗಿವೆ. ಆಯುಧವನ್ನು ಪರರಿಗೆ ಕೊಡಬಾರದೆಂಬ ನಿಯಮವೂ ಹೊಸತಲ್ಲ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಆಯುಧ, ವಿಷ, ಸರಪಳಿ ಮೊದಲಾದ ಕೊಲೆಗೆ ಕಾರಣವಾಗುವ ವಸ್ತುಗಳನ್ನು ಕೊಡುವುದನ್ನು ಹಿಂಸಾದಾನವೆಂದು ಕರೆದು ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ.

ಕಾನೂನು ಮುಟ್ಟದ ಸ್ಥಳ

ಆದರೆ ಧರ್ಮವು ಕಾನೂನಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮನೆಯ ಯಜಮಾನರು ಸ್ವತಃ ಕೋವಿ ಮುಟ್ಟುವುದಿಲ್ಲ. ಊರಿನ ಯಾರೋ ಬಂದು ಹಂದಿ ಹೊಡೆದು ಒಯ್ಯುತ್ತಾರೆ, ತೋಟ ಉಳಿಯುತ್ತದೆ, ಯಜಮಾನರು ಕಂಡೂ ಕಾಣದಂತಿರುತ್ತಾರೆ. ಇಂತಹ ಏರ್ಪಾಡು ಎಲ್ಲಿಯೂ ಇಲ್ಲವೆಂದು ಎದೆ ಮುಟ್ಟಿ ಹೇಳುವುದು ಕಷ್ಟ. ಅಹಿಂಸಾಣುವ್ರತದ ಲಕ್ಷಣವನ್ನು ಹೇಳುವಾಗಲೇ ಸಮಂತಭದ್ರರು ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಹೆಸರಿಸಿದ್ದಾರೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು—ಮೂರೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಕೈ ಶುಚಿಯಾಗಿದ್ದಮಾತ್ರಕ್ಕೆ ವ್ರತ ಉಳಿಯಲಿಲ್ಲ.

ಬೇಲಿಯ ತಂತಿಗೆ ನೇರವಾಗಿ ವಿದ್ಯುತ್ತು ಹರಿಸುವುದು, ಉರುಳು ಒಡ್ಡುವುದು, ಹಣ್ಣಿನಲ್ಲಿ ಸಿಡಿಮದ್ದು ಇಡುವುದು ಕೋವಿಗಿಂತಲೂ ಕ್ರೂರ. ಅಲ್ಲಿ ಕೊಲ್ಲುವವನು ಎದುರಿಗೆ ಇರುವುದೂ ಇಲ್ಲ, ಎದುರಿಗೆ ಬಂದ ಜೀವ ಯಾವುದೆಂದು ನೋಡುವುದೂ ಇಲ್ಲ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಸಿಡಿಮದ್ದು ತುಂಬಿದ ಹಣ್ಣನ್ನು ಕಚ್ಚಿ ಬಾಯಿ ಛಿದ್ರವಾದ ಗರ್ಭಿಣಿ ಆನೆ ಹೊಳೆಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟಿತು. ಅದನ್ನು ಇಟ್ಟವನು ಆನೆಯನ್ನೇ ಉದ್ದೇಶಿಸಿದ್ದನೋ ಹಂದಿಯನ್ನೋ ಎಂಬುದರಿಂದ ಆ ನೋವು ಕಡಮೆಯಾಗಲಿಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಗುರುತಿಸುವುದು ಇದಕ್ಕಾಗಿಯೇ. ಕತ್ತಲಲ್ಲಿ ಪೊದೆ ಅಲುಗಿತೆಂದು ಗುಂಡು ಹಾರಿಸಿ, ಹಂದಿಯೆಂದು ಭ್ರಮಿಸಿ ಮನುಷ್ಯನನ್ನೇ ಕೊಂದ ಸುದ್ದಿಗಳು ಮಲೆನಾಡಿನಿಂದ ಆಗಾಗ ಬರುತ್ತಲೇ ಇವೆ. ಮದ್ದು ತುಂಬಿದ ಕೋವಿಯನ್ನು ಮಕ್ಕಳ ಕೈಗೆ ಎಟುಕುವಂತಿಡುವುದೂ ಪ್ರಮಾದವೇ.

ಇಷ್ಟು ಹೇಳುವಾಗ ಬೆಳೆಗಾರನ ಸಂಕಟವನ್ನು ಹಗುರವಾಗಿ ಕಾಣಬಾರದು. ಪೇಟೆಯಲ್ಲಿ ಅಕ್ಕಿ ಕೊಂಡು ಉಣ್ಣುವವರು ರಾತ್ರಿಯಿಡೀ ಗದ್ದೆ ಕಾಯುವವರಿಗೆ ಅಹಿಂಸೆಯನ್ನು ಬೋಧಿಸುವುದು ಸುಲಭ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ. 2023ರ ಗಣತಿಯಂತೆ 6,395 ಆನೆಗಳು. ನಾಡು ಇದಕ್ಕೆ ಹೆಮ್ಮೆಪಡುತ್ತದೆ, ಆದರೆ ಆ ಹೆಮ್ಮೆಯ ಬೆಲೆಯನ್ನು ತೆರುವವರು ಕಾಡಿನಂಚಿನ ಒಕ್ಕಲುಗಳು. ಆದ್ದರಿಂದ ಹೊಣೆ ಒಬ್ಬನದಲ್ಲ, ಸಮಾಜದ್ದು. ಕೊಲ್ಲದೆ ಕಾಯುವ ಉಪಾಯಗಳು ಇಲ್ಲದಿಲ್ಲ. ಹಿರಿಯರು ತೋಡುತ್ತಿದ್ದ ಅಗಳು, ಡಬ್ಬ ಬಡಿದು ಸರದಿಯ ಮೇಲೆ ಅಟ್ಟಣೆ ಕಾಯುವ ಪದ್ಧತಿ, ಕ್ಷಣಕಾಲ ಬೆದರಿಸಿ ಕೊಲ್ಲದೆ ಬಿಡುವ ಸೌರ ಬೇಲಿ, ನಾಗರಹೊಳೆಯ ಅಂಚಿನಲ್ಲಿ ಹಳೆಯ ರೈಲು ಕಂಬಿಗಳಿಂದ ಕಟ್ಟಿದ ತಡೆ, ಇವೆಲ್ಲ ಕಣ್ಣ ಮುಂದಿವೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಆನೆ ಇರುವ ಜಾಗವನ್ನು ಮೊಬೈಲ್ ಸಂದೇಶದಿಂದಲೂ ಕೆಂಪು ದೀಪದಿಂದಲೂ ಮುಂಚಿತವಾಗಿ ತಿಳಿಸುವ ಏರ್ಪಾಡು ಜನರ ಪ್ರಾಣವನ್ನು ಉಳಿಸಿದೆ. ಬೆಳೆಹಾನಿಗೆ ಸರ್ಕಾರದ ಪರಿಹಾರವೂ ಉಂಟು. ಆ ಅರ್ಜಿಯನ್ನು ಬರೆದುಕೊಡಲು, ಕಚೇರಿಗೆ ಅಲೆಯಲು ಬಡ ಒಕ್ಕಲಿಗೆ ನೆರವಾಗುವವರು ಬೇಕು.

ಬಸದಿಗಳ ಆಡಳಿತ ಮಂಡಳಿಗಳು ಇಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿಯ ಭೂಮಿ ಕೈಬಿಟ್ಟುಹೋದರೂ ಕೆಲವು ಬಸದಿಗಳಿಗೆ ಇನ್ನೂ ತೋಟ ಗದ್ದೆಗಳಿವೆ. ಆ ಭೂಮಿಯ ಫಸಲನ್ನು ವಹಿಸಿಕೊಡುವಾಗ ಉರುಳು, ಸಿಡಿಮದ್ದು, ಕೊಲ್ಲುವ ವಿದ್ಯುತ್ ತಂತಿ ಇವುಗಳನ್ನು ಬಳಸಕೂಡದೆಂಬ ಒಂದು ಷರತ್ತನ್ನು ಕರಾರಿನಲ್ಲಿ ಬರೆಯಿಸಬಹುದು. ಬೇಲಿಯ ಖರ್ಚಿನಲ್ಲಿ ಮಂಡಳಿಯೂ ಪಾಲು ಹೊರಬಹುದು. ಹಾಗೆ ಮಾಡದೆ ಷರತ್ತನ್ನಷ್ಟೇ ಹೇರಿದರೆ ಅದು ನ್ಯಾಯವಾಗದು. ಜಿನಪೂಜೆಯ ಅಕ್ಷತೆಯು ರಕ್ತದ ಸೋಂಕಿಲ್ಲದ ಗದ್ದೆಯಿಂದ ಬಂದದ್ದೆಂದು ಹೇಳಬಲ್ಲ ಬಸದಿಗೆ ಅದಕ್ಕಿಂತ ದೊಡ್ಡ ಪ್ರಭಾವನೆ ಬೇರೊಂದಿಲ್ಲ.

ಆ ಪೂಜೆಯ ಹೊತ್ತಿನಲ್ಲಿ ಪೀಠದ ಕೆಳಗಿನ ಲಾಂಛನಗಳನ್ನು ಒಮ್ಮೆ ನೋಡಬೇಕು. ಅಜಿತನಾಥರಿಗೆ ಆನೆ, ಅಭಿನಂದನರಿಗೆ ಕಪಿ, ವಿಮಲನಾಥರಿಗೆ ಹಂದಿ, ಶಾಂತಿನಾಥರಿಗೆ ಜಿಂಕೆ. ತೋಟದ ಕೋವಿ ಯಾವ ಯಾವ ಪ್ರಾಣಿಗಳತ್ತ ತಿರುಗುತ್ತದೆಯೋ ಅವೇ ಅಲ್ಲಿ ತೀರ್ಥಂಕರರ ಗುರುತಾಗಿ ಕುಳಿತಿವೆ. ಪಾರ್ಶ್ವನಾಥರ ಜೀವವು ಹಿಂದೊಂದು ಭವದಲ್ಲಿ ಕಾಡಾನೆಯಾಗಿತ್ತು. ಮಹಾವೀರರ ಜೀವವು ಸಿಂಹವಾಗಿದ್ದಾಗ ಚಾರಣಮುನಿಗಳ ಉಪದೇಶ ಕೇಳಿ ಕೊಲೆಯನ್ನು ಬಿಟ್ಟಿತು. ಆ ಆನೆಗೂ ಆ ಸಿಂಹಕ್ಕೂ ಅಂದು ಎದುರಾದವರು ಆಯುಧವಿಲ್ಲದವರಾಗಿದ್ದರು.

ಗಂಗರ ಮಾರಸಿಂಹನು ಅನೇಕ ಯುದ್ಧಗಳನ್ನು ಮಾಡಿದವನು. ಕೊನೆಗೆ ರಾಜ್ಯವನ್ನು ತ್ಯಜಿಸಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದನೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಆಯುಧವನ್ನು ಹಿಡಿದ ಹಿರಿಯರೂ ಅದನ್ನು ಕೆಳಗಿಡುವ ದಿನವನ್ನು ಮರೆತಿರಲಿಲ್ಲ. ಪ್ರಾಣಕ್ಕೇ ಎರವಾದಾಗ, ಬೇರೆ ದಾರಿ ಇಲ್ಲದಾಗ, ಒಬ್ಬರ ಜೀವವನ್ನು ಉಳಿಸಲೆಂದು ಕೋವಿ ಎತ್ತಿದ ಶ್ರಾವಕನನ್ನು ಆಚಾರ್ಯರು ವ್ರತಭ್ರಷ್ಟನೆನ್ನುವುದಿಲ್ಲ. ಆದರೆ ಆ ದಿನ ಅವನ ಮನೆಯಲ್ಲಿ ಸನ್ಮಾನವಾಗಲಿ ಸಂಭ್ರಮವಾಗಲಿ ನಡೆಯತಕ್ಕದ್ದಲ್ಲ, ಪ್ರತಿಕ್ರಮಣ ನಡೆಯಬೇಕು. ಉಳಿದ ದಿನಗಳಲ್ಲಿ ಕೋವಿಗೆ ಬೀಗ ಬಿದ್ದಿರಲಿ, ಬೇಲಿ ಗಟ್ಟಿಯಾಗಿರಲಿ, ಅಟ್ಟಣೆಯಲ್ಲಿ ನೆರೆಹೊರೆಯವರ ಸರದಿ ತಪ್ಪದಿರಲಿ.